ಗೊರಿಲ್ಲಾ ನೋಡೋಕೆ ರುವಾಂಡವೋ, ಉಗಾಂಡವೋ?

ಬೆಟ್ಟದ ಗೊರಿಲ್ಲಾಗಳು ಕಾಡಿನಲ್ಲಿ ಬದುಕಿರುವುದು ಮೂರೇ ದೇಶಗಳಲ್ಲಿ: ರುವಾಂಡ, ಉಗಾಂಡ, ಕಾಂಗೋ (ಡೆಮಾಕ್ರಟಿಕ್ ರಿಪಬ್ಲಿಕ್). ಕಾಂಗೋದ ವಿರುಂಗಾ ಪಾರ್ಕ್ ಸುಂದರವಾದ ಜಾಗ, ಗೊರಿಲ್ಲಾ ನೋಡಲು ಬೇಕಾದ ಪರ್ಮಿಟ್ ಕೂಡ ಅಗ್ಗ. ಆದರೆ ಅಲ್ಲಿ ಸಶಸ್ತ್ರ ಸಂಘರ್ಷ ಇದೆ. ಈಗ ಬೇಡ.

ಸಮಯ ಕಡಿಮೆ, ಹಣ ಪರವಾಗಿಲ್ಲ ಅನ್ನುವವರಿಗೆ ರುವಾಂಡ. ರಾಜಧಾನಿ ಕಿಗಾಲಿಯಿಂದ ಗೊರಿಲ್ಲಾಗಳಿರುವ ವಾಲ್ಕೇನೋಸ್ ಪಾರ್ಕಿಗೆ ಸುಮಾರು ಮೂರು ಗಂಟೆ, ಒಳ್ಳೆಯ ರಸ್ತೆ. ಆದರೆ ವಿದೇಶಿಯರಿಗೆ ಪರ್ಮಿಟ್ 1,500 ಡಾಲರ್! ಉಗಾಂಡದಲ್ಲಿ 800.

ನನ್ನ ಮನಸ್ಸು ಉಗಾಂಡದ ಬ್ವಿಂಡಿ ಕಡೆಗೇ. ಹಳೆಯ, ದಟ್ಟ ಮಳೆಕಾಡು. 2018ರ ಗಣತಿಯಲ್ಲಿ ಬ್ವಿಂಡಿ-ಸರಂಬ್ವೆ ಕಾಡಿನಲ್ಲಿ (ಸರಂಬ್ವೆ ಗಡಿಯಾಚೆ ಕಾಂಗೋದಲ್ಲಿದೆ) 459 ಗೊರಿಲ್ಲಾಗಳು ಸಿಕ್ಕಿದ್ದವು. ನಡಿಗೆ ಮಾತ್ರ ಕಷ್ಟ: ಕಡಿದಾದ ಇಳಿಜಾರು, ಕೆಸರು, ಬಳ್ಳಿಗಳ ತೊಡಕು. ಮಂಡಿನೋವು ಇರುವವರು ಯೋಚಿಸಿ. ಉಗಾಂಡದ ವಿಮಾನ ನಿಲ್ದಾಣವಿರುವ ಎಂಟೆಬೆಯಿಂದ ರಸ್ತೆಯಲ್ಲಿ ಇಡೀ ದಿನ ಬೇಕು. ಕಿಗಾಲಿಗೆ ಇಳಿದು ಗಡಿ ದಾಟಿದರೆ ದಾರಿ ಎಷ್ಟೋ ಹತ್ತಿರ. ಉಗಾಂಡದ್ದೇ ಆದ ಮಗಹಿಂಗಾ ಪುಟ್ಟ ಪಾರ್ಕ್, ಅಲ್ಲಿ ಪ್ರವಾಸಿಗರಿಗೆ ನೋಡಲು ಸಿಗುವುದು ಒಂದೇ ಗೊರಿಲ್ಲಾ ಕುಟುಂಬ.

ಎರಡೂ ಕಡೆ ಗುಂಪಿಗೆ ಎಂಟೇ ಜನ, ಗೊರಿಲ್ಲಾ ಜೊತೆ ಒಂದೇ ಗಂಟೆ, 15 ವರ್ಷ ತುಂಬದ ಮಕ್ಕಳಿಗೆ ಪ್ರವೇಶವಿಲ್ಲ. ನೆಗಡಿ ಇದ್ದರೆ ದಯವಿಟ್ಟು ಹೋಗಬೇಡಿ. ನಮ್ಮ ಸೋಂಕು ಅವುಗಳ ಜೀವಕ್ಕೇ ಕುತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಪರ್ಮಿಟ್‌ಗೆ ಬೇಡಿಕೆ ಜಾಸ್ತಿ. ತಿಂಗಳುಗಳ ಮೊದಲೇ ಬುಕ್ ಮಾಡಿ.