ಕುದುರೆಮುಖವೋ, ಕುಮಾರ ಪರ್ವತವೋ?

ಮೊದಲ ಸಲ ಘಟ್ಟ ಹತ್ತುವವರಿಗೆ ನಾನು ಹೇಳುವುದು ಕುದುರೆಮುಖವನ್ನೇ. ಎತ್ತರದಲ್ಲಿ ಅದೇ ಮುಂದು: ಸುಮಾರು 1,890 ಮೀಟರ್. ಕುಮಾರ ಪರ್ವತ 1,712. ಆದರೆ ಕಾಲಿನ ಲೆಕ್ಕವೇ ಬೇರೆ. ಕುದುರೆಮುಖಕ್ಕೆ ಮುಳ್ಳೋಡಿ ಎಂಬ ಹಳ್ಳಿಯಲ್ಲಿ ನಡಿಗೆ ಶುರುವಾಗುವಾಗಲೇ ಸಾಕಷ್ಟು ಮೇಲಿರುತ್ತೀರಿ. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹೊರಟರೆ ಹೆಚ್ಚುಕಡಿಮೆ ಬುಡದಿಂದಲೇ ಏರಬೇಕು.

ಕುದುರೆಮುಖದ ಸೊಗಸಿರುವುದು ಶೋಲಾದಲ್ಲಿ, ಅಂದರೆ ಹುಲ್ಲುಗುಡ್ಡಗಳ ನಡುವಿನ ಕಣಿವೆಕಾಡಿನಲ್ಲಿ. ಬಿಸಿಲು ಕಾಯುವ ಹುಲ್ಲುಗಾವಲಿನಿಂದ ಕಣಿವೆಯ ಮಡಿಲಿಗೆ ಇಳಿದೊಡನೆ ತಣ್ಣನೆ ಗಾಳಿ, ಪಾಚಿ ಹೊದ್ದ ಗಿಡ್ಡ ಮರಗಳು, ಬೇರಿನ ಸಂದಿಯಲ್ಲಿ ಜಿನುಗುವ ನೀರು. ಹತ್ತು ಹೆಜ್ಜೆ ಆಚೆ ಮತ್ತೆ ಹುಲ್ಲು! ಮಳೆಯಲ್ಲಿ ಹಳ್ಳ ದಾಟುವಾಗ ಮಾತ್ರ ಹುಷಾರು.

ಕುಮಾರ ಪರ್ವತ ಗಟ್ಟಿಗರಿಗೆ. ನಡುದಾರಿಯ ಗಿರಿಗದ್ದೆವರೆಗೆ ದಟ್ಟ ಕಾಡಿನ ಕಡಿದಾದ ಏರು, ಆಮೇಲೆ ನೆರಳಿಲ್ಲದ ಬೋಳುಗುಡ್ಡ. ಶೇಷ ಪರ್ವತ ಮುಟ್ಟಿದವರು ಇದೇ ತುದಿ ಅಂದುಕೊಳ್ಳುತ್ತಾರೆ. ಅಲ್ಲಿಂದ ಇನ್ನೊಂದು ಕಾಡು, ಜಾರುವ ಬಂಡೆ ಬಾಕಿ ಇರುತ್ತದೆ. ಮಂಡಿ ನೋವಿದ್ದರೆ ದಯವಿಟ್ಟು ಬೇಡ, ಇಳಿಯುವುದೇ ಹೆಚ್ಚು ಕಷ್ಟ. ಸೋಮವಾರಪೇಟೆ ಕಡೆಯ ಬೀಡಹಳ್ಳಿ ದಾರಿ ಚಿಕ್ಕದು.

ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಮುಚ್ಚುವುದುಂಟು, ಹಾಗಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಹೋಗಿ.