ಹೆವಿ ಲೈಸೆನ್ಸ್ ಮಾಡಿಸಿಕೊಡ್ತೇವೆ ಅನ್ನುವವರ ಕೈಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಕುಶಾಲನಗರ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ಪಿಕಪ್, ಜೀಪು ಓಡಿಸಿಕೊಂಡು ಲಾರಿ ಸೀಟಿನ ಮೇಲೆ ಕಣ್ಣಿಟ್ಟಿರುವ ಹುಡುಗರಿಗೆ ಈ ಬರಹ. ಹೆವಿ ಲೈಸೆನ್ಸ್ ಅಂದರೆ ಲಾರಿ, ಬಸ್ಸಿನಂಥ ಭಾರಿ ಗಾಡಿಯ ಲೈಸೆನ್ಸ್, ಬ್ಯಾಡ್ಜ್ ಅಂದರೆ ಪ್ರಯಾಣಿಕರ ಗಾಡಿ ಓಡಿಸಲು ಆರ್‌ಟಿಓ ಕೊಡುವ ಬಿಲ್ಲೆ. "ಹದಿನೈದು ದಿನದಲ್ಲಿ ಹೆವಿ ಲೈಸೆನ್ಸ್, ಟೆಸ್ಟಿಗೆ ಬರುವುದೇ ಬೇಡ, ಬ್ಯಾಡ್ಜೂ ನಾವೇ ಮಾಡಿಸಿಕೊಡ್ತೇವೆ" ಅಂತ ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ ಅಕ್ಕನ ಮಗ ಕೊಟ್ಟ. ಅವನಿಗೆ ಸಿಕ್ಕಿದ್ದು ಅಸಲಿಯಂತೆಯೇ ಕಾಣುವ ನಕಲಿ ಕಾರ್ಡು. ಲಾರಿ ಲೈನಿನಲ್ಲೇ ತಲೆ ನರೆತ ನನಗೂ ಮೊದಲ ನೋಟಕ್ಕೆ ಅದು ನಕಲಿ ಅಂತ ಅನ್ನಿಸಲಿಲ್ಲ.

ಹುಡುಗನಿಗೆ ಇಪ್ಪತ್ಮೂರು ವರ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ತೋಟಗಳಿಗೆ ಗೊಬ್ಬರ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಕಾಫಿ ಸೀಸನ್ ಬಂದರೆ ನಮ್ಮಲ್ಲಿ ಡ್ರೈವರ್‌ಗಳಿಗೆ ಎಂಥ ಬರ ಅಂತ ನಿಮಗೇ ಗೊತ್ತು. ಲಾರಿ ಓನರ್ ಒಬ್ಬರು "ಹೆವಿ ಮಾಡಿಸ್ಕೊಂಡು ಬಾ, ಸೀಟು ಕೊಡ್ತೀನಿ" ಅಂದರು. ಆಗ ಅವನನ್ನು ಹಿಡಿದುಕೊಂಡವನೇ ಈ ಏಜೆಂಟ್. ಜಿಲ್ಲೆಯ ಆಚೆಯ ಒಂದು ಡ್ರೈವಿಂಗ್ ಸ್ಕೂಲಿನ ಹೆಸರು ಹೇಳಿಕೊಂಡು ಓಡಾಡುತ್ತಿದ್ದವನು. ದೂರು ದಾಖಲಾಗಿರುವುದರಿಂದ ಅವನ ಹೆಸರನ್ನಾಗಲಿ ಸ್ಕೂಲಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ.

ನನಗೆ ಹೊಟ್ಟೆ ಉರಿಯುವುದು ಯಾಕೆಂದರೆ, ಹುಡುಗನಿಗೆ ಆ ಲೈಸೆನ್ಸ್ ನ್ಯಾಯವಾಗಿಯೇ ಸಿಗುತ್ತಿತ್ತು. ಸರಕು ಅಥವಾ ಬಾಡಿಗೆಗೆ ಜನ ಸಾಗಿಸುವ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸುವವನಿಗೆ 20 ವರ್ಷ ತುಂಬಿರಬೇಕು, ಎಲ್‌ಎಂವಿ, ಅಂದರೆ ಕಾರು, ಜೀಪಿನಂಥ ಹಗುರ ಗಾಡಿಯ ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅವನದು ಎಲ್‌ಎಂವಿ ಆಗಿ ಎರಡು ವರ್ಷ ದಾಟಿತ್ತು. ಕೇಂದ್ರದ ನಿಯಮದಲ್ಲಿರುವ ಫೀಸು ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್‌ಆರ್‌ಗೆ 150, ಟೆಸ್ಟಿಗೆ 300, ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500 ರೂಪಾಯಿ. ಇದರ ಮೇಲೆ ಸ್ಕೂಲಿನ ತರಬೇತಿ ಖರ್ಚು ಇರುತ್ತದೆ, ಅದು ಸರಿ. ಏಜೆಂಟ್ ಮಾತ್ರ ಕಂತು ಕಂತಾಗಿ ಮೂವತ್ತು ಸಾವಿರ ಕಿತ್ತ.

ಕಿತ್ತಿದ್ದು ಹೇಗೆ ಅಂತ ಕೇಳಿ. ಮೊದಲ ಕಂತು "ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಮಾಡಿಸೋಕೆ" ಅಂತ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಎಂಟನೇ ಕ್ಲಾಸು ಓದಿರಬೇಕು ಎಂಬ ನಿಯಮ ಮೊದಲು ಇದ್ದದ್ದು ನಿಜ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿದೆ. ಇಲ್ಲದ ನಿಯಮಕ್ಕೆ ಸುಳ್ಳು ಮಾರ್ಕ್ಸ್ ಕಾರ್ಡು ಮಾರುವುದೆಂದರೆ ಇದೇ. ಜೊತೆಗೆ "ಮುಂದೆ ಕೆಎಸ್‌ಆರ್‌ಟಿಸಿಗೂ ಹಾಕ್ಬಹುದು" ಅಂತ ಆಸೆ ಬೇರೆ ಹುಟ್ಟಿಸಿದ. ಕೆಎಸ್‌ಆರ್‌ಟಿಸಿಯವರು ಚಾಲಕ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಕೇಳುತ್ತಾರೆ, ಹೆವಿ ಲೈಸೆನ್ಸ್ ಆಗಿ ಎರಡು ವರ್ಷದ ಅನುಭವ ಕೇಳುತ್ತಾರೆ, ಬ್ಯಾಡ್ಜ್ ಕೇಳುತ್ತಾರೆ. ಶಾಲಾ ಬಸ್ಸಿಗೆ ಹೋಗುತ್ತೇನೆ ಅಂದರೂ ಭಾರಿ ವಾಹನ ಓಡಿಸಿ 5 ವರ್ಷ ಅನುಭವ ಇರಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಏಳನೇ ಕ್ಲಾಸಿನ ಹುಡುಗನಿಗೆ ಇದನ್ನೆಲ್ಲ ಯಾರು ಹೇಳಬೇಕು?

ಎರಡನೇ ಕಂತು ಡಾಕ್ಟರ ಸರ್ಟಿಫಿಕೇಟಿಗೆ. ಫಾರಂ 1ಎ ಅಂತ ಕರೆಯುವ ಆ ಕಾಗದಕ್ಕೆ ಸಹಿ ಹಾಕುವ ಮುಂಚೆ ಡಾಕ್ಟರು ಕಣ್ಣು, ಕಿವಿ, ಕೈಕಾಲು ನೋಡಬೇಕು. ಒಳ್ಳೆ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದಾ ಅನ್ನುವ ಪ್ರಶ್ನೆಯೇ ಅದರಲ್ಲಿದೆ. ನಮ್ಮ ಹುಡುಗ ಡಾಕ್ಟರ ಮುಖವನ್ನೇ ನೋಡಿಲ್ಲ, ಸಹಿ, ಸೀಲು ಆಗಿದ್ದ ಕಾಗದ ವಾಟ್ಸಾಪಿನಲ್ಲಿ ಬಂತು.

ಮೂರನೇ ಕಂತು ಎಲ್ಲದಕ್ಕಿಂತ ದೊಡ್ಡದು. ಫಾರಂ 5, ಅಂದರೆ ಇವನು ನಮ್ಮಲ್ಲಿ ಹೆವಿ ಗಾಡಿ ಕಲಿತಿದ್ದಾನೆ ಎಂದು ಡ್ರೈವಿಂಗ್ ಸ್ಕೂಲಿನವರು ಕೊಡುವ ಸರ್ಟಿಫಿಕೇಟು. ನಿಯಮದ ಪ್ರಕಾರ ಭಾರಿ ವಾಹನದ ತರಬೇತಿ 30 ದಿನಕ್ಕೆ ಕಡಿಮೆ ಇರುವಂತಿಲ್ಲ, ಸ್ಟೀರಿಂಗ್ ಹಿಡಿದು ಓಡಿಸಿದ್ದೇ 15 ಗಂಟೆಗೆ ಕಡಿಮೆ ಇರುವಂತಿಲ್ಲ. ಯಾವ ದಿನ ಎಷ್ಟು ಹೊತ್ತು ಓಡಿಸಿದ ಎಂದು ಬರೆದಿಡುವುದಕ್ಕೇ ಫಾರಂ 15 ಅಂತ ಒಂದು ರಿಜಿಸ್ಟರ್ ಇದೆ. "ಸ್ಕೂಲ್ ಲಾರಿ ಎಫ್‌ಸಿಗೆ ಹೋಗಿದೆ, ನಿಂಗೆ ಗಾಡಿ ಬರುತ್ತಲ್ಲ, ಮತ್ತೆ ಯಾಕೆ" ಅಂದನಂತೆ ಏಜೆಂಟ್; ಎಫ್‌ಸಿ ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆ. ಪಿಕಪ್ ಬರುತ್ತದೆ, ನಿಜ. ಆರು ಚಕ್ರದ ಲಾರಿ ಬೇರೆ.

ಈ ಮಧ್ಯೆ ಇನ್ನೊಂದು ಮಾತು ತಲೆಗೆ ತುಂಬಿದ: "ಕಾರ್ಡ್ ಬರೋವರೆಗೂ ಓಡ್ಸು, ಸುಪ್ರೀಂ ಕೋರ್ಟೇ ಹೇಳಿದೆಯಲ್ಲ." ಈ ಮಾತು ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ ಇದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಏನೆಂದರೆ, ಲೋಡು ಸೇರಿ ಒಟ್ಟು ತೂಕ 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು. ಪಿಕಪ್‌ಗೆ, ಟ್ಯಾಕ್ಸಿಗೆ, ಸಣ್ಣ ಗೂಡ್ಸ್ ಗಾಡಿಗೆ ಅದು ಸರಿ. ಆರು ಚಕ್ರದ ಲಾರಿಯ ಒಟ್ಟು ತೂಕ 18,500 ಕೆಜಿ ವರೆಗೂ ಹೋಗುತ್ತದೆ. ಆ ತೀರ್ಪಿಗೂ ಲಾರಿಗೂ ಸಂಬಂಧವೇ ಇಲ್ಲ.

ಕೊನೆಗೆ ಕಾರ್ಡು ಬಂತು. ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರಬೇಕಾದ್ದನ್ನು ಏಜೆಂಟ್ ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಕೊಟ್ಟ. ಹುಡುಗ ತೀರಾ ದಡ್ಡನೇನಲ್ಲ, ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿದ್ದಾನೆ. ಹೆಸರು ಬಂತು, ಲೈಸೆನ್ಸ್ ಚಾಲ್ತಿಯಲ್ಲಿದೆ ಅಂತಲೂ ಬಂತು. ಅಸಲಿ ಅಂತ ಖುಷಿಯಾದ. ಕಳ್ಳಾಟ ಇರುವುದೇ ಇಲ್ಲಿ. ಇರುವ ಲೈಸೆನ್ಸಿಗೆ ಹೆವಿ ಸೇರಿಸಿದರೆ ನಂಬರ್ ಬದಲಾಗುವುದಿಲ್ಲ, ಹಳೇ ನಂಬರೇ ಮುಂದುವರಿಯುತ್ತದೆ. ಹಾಗಾಗಿ ನಕಲಿ ಕಾರ್ಡಿನ ನಂಬರ್ ಹಾಕಿದರೂ ಹಳೇ ಎಲ್‌ಎಂವಿ ದಾಖಲೆ ತೆರೆದುಕೊಂಡು ಹೆಸರು ತೋರಿಸುತ್ತದೆ. ನೋಡಬೇಕಾದ್ದು ಹೆಸರನ್ನಲ್ಲ, ಅದರ ಕೆಳಗಿನ ಸಾಲುಗಳನ್ನು.

ನನ್ನ ಗಮನಕ್ಕೆ ಬಂದದ್ದು ಮಡಿಕೇರಿ ದಾಟಿದ ಮೇಲೆ ಗಾಡಿ ಹಿಡಿದಾಗ. ಕುಶಾಲನಗರದಿಂದ ಮಂಗಳೂರಿಗೆ ಕಾಫಿ ಲೋಡು, ಒಬ್ಬನೇ ಹೊರಟಿದ್ದ, ಜೊತೆಗೆ ಕ್ಲೀನರ್ ಹುಡುಗ ಅಷ್ಟೆ. ಫೋನ್ ಬಂತು: "ಮಾವ, ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ನಿಲ್ಸಿದಾರೆ, ಲೈಸೆನ್ಸ್ ಡೂಪ್ಲಿಕೇಟ್ ಅಂತಿದಾರೆ." ನಾನು ಹೋಗುವಷ್ಟರಲ್ಲಿ ಹುಡುಗನ ಬಾಯಿ ಒಣಗಿತ್ತು. ಆರ್‌ಟಿಓದ ಆ ಇನ್ಸ್‌ಪೆಕ್ಟರು ಒಳ್ಳೆ ಮನುಷ್ಯ, ಗದರಲಿಲ್ಲ. ಕಾರ್ಡನ್ನು ನನ್ನ ಕೈಗೆ ಕೊಟ್ಟು, "ಎರಡು ತಾರೀಕು ಓದಿ ನೋಡಿ ಯಜಮಾನ್ರೇ" ಅಂದರು.

ಈಗಿನ ಕಾರ್ಡಿನ ಮುಂಭಾಗದಲ್ಲಿ ವ್ಯಾಲಿಡಿಟಿ ಎರಡು ಕಡೆ ಇರುತ್ತದೆ, ಪಕ್ಕದಲ್ಲಿ ಎನ್‌ಟಿ, ಟಿಆರ್ ಅಂತ ಬರೆದಿರುತ್ತದೆ. ಎನ್‌ಟಿ ಸ್ವಂತ ಗಾಡಿಗೆ, ಟಿಆರ್ ಟ್ರಾನ್ಸ್‌ಪೋರ್ಟಿಗೆ. ಮೂವತ್ತರ ಒಳಗೆ ಲೈಸೆನ್ಸ್ ಮಾಡಿಸಿದವನಿಗೆ ಎನ್‌ಟಿ ನಲವತ್ತು ವರ್ಷ ವಯಸ್ಸಾಗುವವರೆಗೆ ಇರುತ್ತದೆ. ಟಿಆರ್ ಮಾತ್ರ 5 ವರ್ಷಕ್ಕೆ ಮುಗಿಯುತ್ತದೆ, 2019ರ ತಿದ್ದುಪಡಿಗಿಂತ ಮೊದಲು 3 ವರ್ಷ ಇತ್ತು. ಈ ಕಾರ್ಡಿನಲ್ಲಿ ಎರಡೂ ಒಂದೇ ತಾರೀಕು! ಅಚ್ಚು ಹಾಕಿದವನು ಮೇಲಿನ ತಾರೀಕನ್ನೇ ಕೆಳಗೂ ಕುಟ್ಟಿದ್ದಾನೆ. ಆಮೇಲೆ ಇನ್ಸ್‌ಪೆಕ್ಟರು ತಮ್ಮ ಮೊಬೈಲಿನಲ್ಲಿ ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ತೆರೆದು ತೋರಿಸಿದರು. ನಾನ್ ಟ್ರಾನ್ಸ್‌ಪೋರ್ಟ್ ಎದುರು ತಾರೀಕು ಇತ್ತು. ಟ್ರಾನ್ಸ್‌ಪೋರ್ಟ್ ಎದುರು "ಎನ್‌ಎ", ಅಂದರೆ ಅನ್ವಯಿಸುವುದಿಲ್ಲ ಅಂತ ಇತ್ತು. ಕೆಳಗೆ ವಾಹನದ ವರ್ಗ ಅನ್ನುವ ಕಡೆ ಬೈಕು, ಎಲ್‌ಎಂವಿ, ಅಷ್ಟೇ.

ಲಾರಿ ಅಲ್ಲೇ ನಿಂತಿತು, ಬೇರೆ ಡ್ರೈವರ್ ಬಂದು ತೆಗೆದುಕೊಂಡು ಹೋಗಬೇಕಾಯಿತು. ಕೇಸು ಇಬ್ಬರ ಮೇಲೂ ಬಿತ್ತು, ಓಡಿಸಿದವನ ಮೇಲೆ ಒಂದು, ಗಾಡಿ ಕೊಟ್ಟ ಓನರ್ ಮೇಲೆ ಇನ್ನೊಂದು. ಕಾಯ್ದೆಯಲ್ಲಿ ಇಬ್ಬರಿಗೂ 5,000 ರೂಪಾಯಿ ದಂಡ, 3 ತಿಂಗಳವರೆಗೆ ಸಜೆಗೂ ಅವಕಾಶ ಇದೆ. ಓನರ್ ನಮ್ಮ ಹುಡುಗನ ಮೇಲೆ ಕೂಗಾಡಿದರು, ತಪ್ಪು ಅನ್ನಲಾರೆ. ಆದರೆ ಓನರ್‌ಗಳೂ ಕೇಳಿಸಿಕೊಳ್ಳಿ. ಅಪಘಾತ ಆಗಿ ಯಾರಾದರೂ ಸತ್ತಿದ್ದರೆ ಇನ್ಶೂರೆನ್ಸ್ ಕಂಪನಿಯವರು ಡ್ರೈವರ್ ಲೈಸೆನ್ಸ್ ಸರಿಯಿಲ್ಲ ಎಂದು ವಾದ ಹಾಕುತ್ತಾರೆ. ಸತ್ತವರ ಮನೆಯವರಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ಓನರ್ ಕೈಯಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶಗಳು ಎಷ್ಟೋ ಆಗಿವೆ. ನಾನು ನನ್ನ ಕಡೆಯಿಂದ ಎಚ್ಚರಿಕೆಯಿಂದಲೇ ಲೈಸೆನ್ಸ್ ನೋಡಿ ಕೆಲಸ ಕೊಟ್ಟೆ ಅನ್ನುವುದಕ್ಕೆ ಅಲ್ಲಿ ಬೆಲೆ ಇದೆ. ಕಾರ್ಡಿನ ಜೆರಾಕ್ಸ್ ತೆಗೆದು ಫೈಲಿಗೆ ಹಾಕಿಕೊಂಡರೆ ಸಾಲದು, ಸಾರಥಿಯಲ್ಲಿ ನೋಡಿ ಆ ಪುಟದ ಪ್ರಿಂಟ್ ಇಟ್ಟುಕೊಳ್ಳಿ. ಲೈಸೆನ್ಸ್ ನಂಬರ್ ಮತ್ತು ಹುಟ್ಟಿದ ದಿನಾಂಕ ಇದ್ದರೆ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ.

ದಂಡದ ಮಾತು ಇರಲಿ. ಆ ಲೋಡಿನ ಜೊತೆ ಅವನು ಘಾಟಿ ಇಳಿದಿದ್ದರೆ? ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲೆ. ಅಲ್ಲಿಂದ ಕಾಟಕೇರಿ, ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ ಮುಟ್ಟುವವರೆಗೂ ಇಳಿತವೇ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ಈ ರಸ್ತೆಯೇ ಬಂದ್ ಆಗಿದ್ದು ಯಾರೂ ಮರೆತಿಲ್ಲ. ಪಿಕಪ್ ಓಡಿಸಿ ಅಭ್ಯಾಸವಾದ ಕಾಲು ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇರುತ್ತದೆ. ತುಂಬಿದ ಲಾರಿಯಲ್ಲಿ ಹಾಗೆ ಒತ್ತಿದರೆ ನಾಲ್ಕು ತಿರುವು ದಾಟುವುದರೊಳಗೆ ಬ್ರೇಕಿನ ಲೈನರ್ ಕಾದು ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ಪದೇ ಪದೇ ಒತ್ತಿದರೆ ಬ್ರೇಕಿಗೆ ಬಲ ಕೊಡುವ ಏರ್ ಕೂಡ ಇಳಿಯುತ್ತದೆ. ಇಳಿತ ಶುರುವಾಗುವ ಮುಂಚೆಯೇ ಗೇರ್ ಇಳಿಸಿ, ಇಂಜಿನ್ನಿನ ಹೊಗೆ ತಡೆದು ಗಾಡಿಯನ್ನು ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವ ಹಾಗೆ ಮಾಡಬೇಕು. ಕಾಲಿನ ಬ್ರೇಕು ಆಗಾಗ, ಗಟ್ಟಿಯಾಗಿ, ಸ್ವಲ್ಪ ಹೊತ್ತು ಮಾತ್ರ. ಗೇರ್ ತಪ್ಪಿ ನ್ಯೂಟ್ರಲ್ ಆಯಿತೋ, ಮತ್ತೆ ಆ ವೇಗದಲ್ಲಿ ಗೇರ್ ಬೀಳುವುದು ಕಷ್ಟ. ಇದನ್ನು ಕೂತು ಹೇಳಿದರೆ ಬರುವುದಿಲ್ಲ, ಪಕ್ಕದಲ್ಲಿ ಕಲಿಸುವವನು ಇರಬೇಕು. ಆ 15 ಗಂಟೆಯನ್ನೇ ಏಜೆಂಟ್ ಮಾರಿಕೊಂಡದ್ದು. "ಎಕ್ಸಾಸ್ಟ್ ಸ್ವಿಚ್ ಎಲ್ಲಿದೆ ತಮ್ಮಾ" ಅಂತ ಇನ್ಸ್‌ಪೆಕ್ಟರು ಕೇಳಿದಾಗ ಹುಡುಗ ಡ್ಯಾಶ್‌ಬೋರ್ಡ್ ಪೂರ್ತಿ ತಡಕಾಡಿದ.

ಸ್ಕೂಲ್ ಹುಡುಕುವವರು ಮೊದಲು ಲಾರಿ ತೋರಿಸಿ ಅನ್ನಿ. ಕಲಿಸುವ ಲಾರಿಯಲ್ಲಿ ಕಲಿಸುವವನ ಕಾಲ ಕೆಳಗೂ ಪೆಡಲ್ ಇರಲೇಬೇಕು, ಡಬಲ್ ಕಂಟ್ರೋಲ್ ಇಲ್ಲದ ಗಾಡಿ ನಿಯಮಕ್ಕೆ ಹೊರಗು. ಆರ್‌ಟಿಓ ಕೊಟ್ಟ ಸ್ಕೂಲ್ ಲೈಸೆನ್ಸ್ ಗೋಡೆ ಮೇಲೆ ಇದೆಯಾ, ಅದರ ಅವಧಿ ಮುಗಿದಿಲ್ಲವಾ, ಹೆವಿ ಕಲಿಸಲು ಅನುಮತಿ ಇದೆಯಾ ನೋಡಿ. ಫಾರಂ 15ರಲ್ಲಿ ನೀವು ಓಡಿಸದ ದಿನಕ್ಕೆ ಸಹಿ ಹಾಕಿ ಅಂದರೆ ಎದ್ದು ಬನ್ನಿ. ಗ್ಯಾಸ್, ಪೆಟ್ರೋಲ್ ಟ್ಯಾಂಕರಿಗೆ ಹೋಗುವವರಿಗೆ ಇದಿಷ್ಟೇ ಸಾಲದು, ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ಬೇರೆ ನಮೂದು ಮಾಡಿಸಬೇಕು.

ಹುಡುಗ ಈಗ ಹೊಸದಾಗಿ ಎಲ್‌ಎಲ್‌ಆರ್ ಮಾಡಿಸಿದ್ದಾನೆ. ಅದು 6 ತಿಂಗಳು ಇರುತ್ತದೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಡಾಕ್ಟರ ಎದುರು ಕೂತೇ ಫಾರಂ 1ಎ ಬರೆಸಿದ್ದಾನೆ, ದೂರದ ಅಕ್ಷರ ಮಂಜು ಅಂತ ಗೊತ್ತಾಗಿ ಕನ್ನಡಕ ಬಂತು. ಪಿಕಪ್ ಕೆಲಸ ಹಾಗೇ ಇದೆ. ಆ ಓನರ್ ಬೇರೆಯವರನ್ನು ಇಟ್ಟುಕೊಂಡರು.

ಏಜೆಂಟನ ಫೋನು ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಡುವಾಗ ನಮ್ಮ ಕೈ ಹಿಡಿದದ್ದು ಫೋನ್‌ಪೇ ದಾಖಲೆ ಮತ್ತು ಆ ಕಾರ್ಡು. ಒಂದು ಕಂತನ್ನು ನಗದಾಗಿ ಕೊಟ್ಟಿದ್ದ, ಅದಕ್ಕೆ ಸಾಕ್ಷಿಯೇ ಇಲ್ಲ. ನಿಮ್ಮ ಹತ್ತಿರವೂ ಹೀಗೆ ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಬಂದ ಹೆವಿ ಕಾರ್ಡು ಇದ್ದರೆ ಇವತ್ತೇ ಸಾರಥಿಯಲ್ಲಿ ಟ್ರಾನ್ಸ್‌ಪೋರ್ಟ್ ಸಾಲು ನೋಡಿ. "ಎನ್‌ಎ" ಅಂತ ಬಂದರೆ ಕಾರ್ಡನ್ನು ಹರಿದು ಹಾಕಬೇಡಿ, ಮೆಸೇಜುಗಳನ್ನು ಅಳಿಸಬೇಡಿ, ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಡಿ. ಒಬ್ಬನ ದೂರಿಗಿಂತ ನಾಲ್ಕು ಜನರ ದೂರಿಗೆ ಕೇಸು ಬೇಗ ಓಡುತ್ತದೆ.