ಫೌಂಡ್ರಿ ಬಿಟ್ಟ ಮೇಲೆ ಕೊಂಡ ಆರೋಗ್ಯ ಸಂಜೀವಿನಿ: ಮೂರು ವರ್ಷದ ಅನುಭವ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದೆ. ಇಎಸ್ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದುದರಿಂದ ಆಸ್ಪತ್ರೆಯ ಖರ್ಚಿನ ಚಿಂತೆ ಇರಲಿಲ್ಲ. 2022ರಲ್ಲಿ ಕೆಲಸ ಬಿಟ್ಟು ಸ್ವಂತ ಲೇತ್ ಹಾಕಿಕೊಂಡಾಗ ಆ ಆಸರೆಯೂ ಹೋಯಿತು. ಅದೇ ಅಕ್ಟೋಬರ್‌ನಲ್ಲಿ ನನಗೂ ಹೆಂಡತಿಗೂ ಸೇರಿಸಿ ಮೂರು ಲಕ್ಷದ ಆರೋಗ್ಯ ಸಂಜೀವಿನಿ ಎಂಬ ಆರೋಗ್ಯ ವಿಮಾ ಪಾಲಿಸಿ ಮಾಡಿಸಿದೆ.

2020ರಲ್ಲಿ ಬಂದ ಈ ಪಾಲಿಸಿಯ ಮುಖ್ಯ ಷರತ್ತುಗಳು ಯಾವ ಕಂಪನಿಯಲ್ಲಿ ಕೊಂಡರೂ ಒಂದೇ. ಬೇರೆಯಾಗುವುದು ಪ್ರೀಮಿಯಂ ಮತ್ತು ಆಸ್ಪತ್ರೆಗಳ ಪಟ್ಟಿ. ಬೆಳಗಾವಿಯ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಇದೆ ಎಂದು ನೋಡಿಯೇ ಕಂಪನಿ ಆರಿಸಿದೆ.

ಹೆಂಡತಿ ವಡಗಾವಿಯ ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ. 2024ರ ಬೇಸಿಗೆಯಲ್ಲಿ ಸೂಜಿಯನ್ನು ಬೆಳಕಿಗೆ ಹಿಡಿಯಲು ಹೊಸ್ತಿಲಿಗೆ ಬರತೊಡಗಿದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಎಷ್ಟು ಸಲ ಪೋಣಿಸಲು ನೋಡಿದರೂ ಅದು ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಬಲಗಣ್ಣಿಗೆ ಪೊರೆ ಬಂದಿತ್ತು. ಪೊರೆಯ ಶಸ್ತ್ರಚಿಕಿತ್ಸೆಗೆ ವಿಮೆ ಸಿಗಲು 24 ತಿಂಗಳು ಕಾಯಬೇಕೆಂಬುದು ತಿಳಿದದ್ದು ಆಗಲೇ. ಏಜೆಂಟರು ಆ ಮಾತೇ ಎತ್ತಿರಲಿಲ್ಲ, ನಾನೂ ಕಾಗದ ಪೂರ್ತಿ ಓದಿರಲಿಲ್ಲ. ಆರು ತಿಂಗಳು ನೆರೆಮನೆಯ ಹುಡುಗಿ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದಳು.

ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಿಲ್ಲು 36,000 ರೂಪಾಯಿ. ನಮ್ಮ ಮೊತ್ತದ ಪಾಲಿಸಿಗೆ ಒಂದು ಕಣ್ಣಿನ ಮಿತಿ 40,000, ಹಾಗಾಗಿ ತೊಂದರೆಯಾಗಲಿಲ್ಲ. ಪ್ರತಿ ಕ್ಲೇಮಿನಲ್ಲೂ ಶೇ. 5 ನಮ್ಮ ಪಾಲು. 1,800 ರೂಪಾಯಿ ಕಟ್ಟಿ ಮನೆಗೆ ಬಂದೆವು. ಬಿಡುಗಡೆಯಾದ 60 ದಿನಗಳವರೆಗಿನ ಔಷಧಿಗೂ ವಿಮೆ ಇರುವುದರಿಂದ ಕಣ್ಣಿನ ಹನಿಯ ರಸೀದಿಗಳನ್ನು ಜೋಪಾನ ಮಾಡಿದ್ದೆ. ನಮ್ಮ ಪಾಲು ಕಳೆದು ಆ ಹಣವೂ ಬಂತು.

ಕೋಣೆ ಬಾಡಿಗೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದಿನಕ್ಕೆ ವಿಮಾ ಮೊತ್ತದ ಶೇ. 2, ಅದೂ 5,000 ರೂಪಾಯಿ ಮೀರದಂತೆ. ಅದಕ್ಕಿಂತ ದುಬಾರಿ ಕೋಣೆ ಹಿಡಿದರೆ ವೈದ್ಯರ ಶುಲ್ಕದಂಥ ಬಾಬತ್ತುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆಯಂಥದ್ದು ಬಂದರೆ ಮೂರು ಲಕ್ಷ ಸಾಲದೆಂಬ ಅಳುಕೂ ಇದೆ. ಕಳೆದ ಅಕ್ಟೋಬರ್‌ನ ನವೀಕರಣದಲ್ಲಿ ಶೇ. 18 ಜಿಎಸ್‌ಟಿ ಇರಲಿಲ್ಲ; 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದಿದ್ದಾರೆ. ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನ ಸಲ ಐದು ಲಕ್ಷಕ್ಕೆ ಏರಿಸುತ್ತೇನೆ.

ಮಗ ಈಗ ಅದೇ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿದ್ದಾನೆ, ಇಎಸ್ಐ ಇದೆ. ಆದರೂ ಅವನ ಹೆಸರಿನಲ್ಲಿ ಈ ತಿಂಗಳೇ ಬೇರೆ ಪಾಲಿಸಿಗೆ ಅರ್ಜಿ ತುಂಬಿಸಿದೆ. ಕಾಯುವ 24 ತಿಂಗಳು ಅವನು ನೌಕರಿಯಲ್ಲಿರುವಾಗಲೇ ಮುಗಿಯಲಿ.